ಫ್ರಿಜ್ ಗ್ಯಾಸ್ ಕಂಡುಹಿಡಿದ ಥಾಮಸ್ ಮಿಡ್‌ಗ್ಲಿ: ಫಾರ್ವರ್ಡ್‌ಗಳು ಹೇಳುವಷ್ಟು ದೊಡ್ಡ ಖಳನಾಯಕನೇ?

ಥಾಮಸ್ ಮಿಡ್‌ಗ್ಲಿ ಎಂಬ ಅಮೆರಿಕದ ಎಂಜಿನಿಯರ್ ಬಗ್ಗೆ ಒಂದು ಸಂದೇಶ ನಿಮಗೂ ಬಂದಿರಬಹುದು. ಇತಿಹಾಸದಲ್ಲಿ ಅತಿ ಹೆಚ್ಚು ಜನರ ಪ್ರಾಣ ತೆಗೆದ ಒಬ್ಬ ವ್ಯಕ್ತಿ ಇವನೇ, ಪೆಟ್ರೋಲಿಗೆ ಸೀಸ ಬೆರೆಸಿದವನೂ ಇವನೇ, ಫ್ರಿಜ್ ಗ್ಯಾಸಿನಿಂದ ಓಜೋನ್ ಪದರಕ್ಕೆ ತೂತು ಕೊರೆದವನೂ ಇವನೇ, ಕಡೆಗೆ ತಾನೇ ಮಾಡಿದ ಯಂತ್ರ ಕುತ್ತಿಗೆಗೆ ಬಿಗಿದು ಸತ್ತ ಎಂಬುದು ಅದರ ಸಾರಾಂಶ. ಕೊನೆಯಲ್ಲಿ ಮಾಡಿದ್ದುಣ್ಣೋ ಮಹರಾಯ ಅನ್ನುವ ಧಾಟಿಯ ಒಂದು ಸಾಲೂ ಇರುತ್ತದೆ.

ಈ ಸಂದೇಶದಲ್ಲಿ ಶುದ್ಧ ಸುಳ್ಳು ಕಡಿಮೆ. ತೊಂದರೆ ಇರುವುದು ಬೇರೆ ಕಡೆ. ಆತನ ಎರಡು ಸಂಶೋಧನೆಗಳ ಕಥೆ ಒಂದೇ ಥರದ್ದಲ್ಲ. ಒಂದರಲ್ಲಿ ವಿಷ ಎಂದು ಗೊತ್ತಿದ್ದೂ ಮುಂದುವರಿದರು. ಇನ್ನೊಂದರಲ್ಲಿ ಆ ಕಾಲದ ಯಾರಿಗೂ ಅಪಾಯ ಕಾಣುವಂತಿರಲಿಲ್ಲ. ಎರಡನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿದರೆ ಮನುಷ್ಯನೂ ಅರ್ಥವಾಗುವುದಿಲ್ಲ, ವಿಜ್ಞಾನವೂ ಅರ್ಥವಾಗುವುದಿಲ್ಲ. ಅಷ್ಟೇ ಅಲ್ಲ, ಇವತ್ತು ನಿಮ್ಮ ಮನೆಗೆ ಬರುವ ಫ್ರಿಜ್ ಮೆಕ್ಯಾನಿಕ್ ಗ್ಯಾಸ್ ಖಾಲಿಯಾಗಿದೆ ಎಂದಾಗ ನೀವು ಏನು ಕೇಳಬೇಕು ಎನ್ನುವುದಕ್ಕೂ 1944ರಲ್ಲಿ ತೀರಿಹೋದ ಈ ಮನುಷ್ಯನ ಬದುಕಿಗೂ ನಂಟಿದೆ.

ಎಲೆಯ ಬಣ್ಣದಿಂದ ಶುರುವಾದ ಹುಡುಕಾಟ

ಮಿಡ್‌ಗ್ಲಿ ಹುಟ್ಟಿದ್ದು 1889ರ ಮೇ 18ರಂದು, ಪೆನ್ಸಿಲ್ವೇನಿಯಾ ರಾಜ್ಯದ ಬೀವರ್ ಫಾಲ್ಸ್ ಎಂಬ ಊರಿನಲ್ಲಿ. ಬೆಳೆದದ್ದು ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ. ತಂದೆಯೂ ಸಂಶೋಧಕ, ಟೈರುಗಳ ಕ್ಷೇತ್ರದಲ್ಲಿ ಕೆಲಸ ಮಾಡಿದವರು. ಮಗ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1911ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದ. ಗಮನಿಸಿ, ಆತ ಓದಿದ್ದು ರಸಾಯನಶಾಸ್ತ್ರವಲ್ಲ. ಮುಂದೆ ಅಮೆರಿಕದ ರಸಾಯನ ವಿಜ್ಞಾನಿಗಳ ಅತಿದೊಡ್ಡ ಸಂಘಕ್ಕೇ ಅಧ್ಯಕ್ಷನಾದವನು ರಸಾಯನಶಾಸ್ತ್ರವನ್ನು ಕಲಿತದ್ದು ಬಹುಮಟ್ಟಿಗೆ ಕೆಲಸ ಮಾಡುತ್ತಲೇ.

1916ರಲ್ಲಿ ಡೇಟನ್ ನಗರದ ಒಂದು ಪ್ರಯೋಗಾಲಯಕ್ಕೆ ಸೇರಿದ. ಅಲ್ಲಿನ ಯಜಮಾನ ಚಾರ್ಲ್ಸ್ ಕೆಟರಿಂಗ್, ಕಾರುಗಳಿಗೆ ಸೆಲ್ಫ್ ಸ್ಟಾರ್ಟರ್ ತಂದುಕೊಟ್ಟವರು. ಮುಂದೆ ಈ ಪ್ರಯೋಗಾಲಯ ಜನರಲ್ ಮೋಟಾರ್ಸ್ ಕಂಪನಿಯ ಪಾಲಾಯಿತು. ಕೆಟರಿಂಗ್ ಕೊಟ್ಟ ಮೊದಲ ದೊಡ್ಡ ಕೆಲಸ ಎಂಜಿನ್ನಿನ ನಾಕಿಂಗ್ ನಿಲ್ಲಿಸುವುದು. ಏರು ಹತ್ತುವಾಗ ಹಳೆಯ ಗಾಡಿಯ ಎಂಜಿನ್ ಟಕಟಕ ಎಂದು ಬಡಿದುಕೊಳ್ಳುವುದನ್ನು ಕೇಳಿದ್ದೀರಲ್ಲ, ಅದೇ. ಇಂಧನ ಸಮನಾಗಿ ಉರಿಯುವ ಬದಲು ಒಮ್ಮೆಲೇ ಸಿಡಿದಾಗ ಬರುವ ಸದ್ದು ಅದು. ಶಕ್ತಿ ಪೋಲಾಗುತ್ತದೆ, ಪಿಸ್ಟನ್ ಹಾಳಾಗುತ್ತದೆ.

ಇಬ್ಬರಿಗೂ ಹೊಳೆದ ಮೊದಲ ಯೋಚನೆ ಕೇಳಿದರೆ ನಗು ಬರುತ್ತದೆ. ಅಮೆರಿಕದಲ್ಲಿ ಒಂದು ಕಾಡುಬಳ್ಳಿ ಇದೆ. ಅದರ ಎಲೆಯ ಅಡಿಭಾಗ ಕೆಂಪು, ಹಿಮ ಇನ್ನೂ ಇರುವಾಗಲೇ ಅದು ಹೂ ಬಿಡುತ್ತದೆ. ಕೆಂಪು ಬಣ್ಣ ಶಾಖವನ್ನು ಬೇಗ ಹೀರುತ್ತದೆ, ಹಾಗಾದರೆ ಇಂಧನಕ್ಕೂ ಕೆಂಪು ಬಣ್ಣ ಹಾಕಿದರೆ ಅದು ಬೇಗ ಆವಿಯಾಗಿ ಸಮನಾಗಿ ಉರಿಯಬಹುದಲ್ಲ ಎಂದು ಅವರ ತರ್ಕ. ಉಗ್ರಾಣದಲ್ಲಿ ಎಣ್ಣೆಯಲ್ಲಿ ಕರಗುವ ಕೆಂಪು ಬಣ್ಣ ಇರಲಿಲ್ಲ. ಅಯೋಡಿನ್ ಇತ್ತು. ಅದನ್ನೇ ಹಾಕಿದರು. ಬಡಿತ ನಿಂತಿತು!

ಆಮೇಲೆ ಬೇರೆ ಕೆಂಪು ಬಣ್ಣಗಳನ್ನು ಹಾಕಿ ನೋಡಿದರೆ ಏನೂ ಆಗಲಿಲ್ಲ. ಬಣ್ಣವೇ ಇಲ್ಲದ ಅಯೋಡಿನ್ ಸಂಯುಕ್ತ ಹಾಕಿದರೆ ಮತ್ತೆ ಬಡಿತ ನಿಂತಿತು. ಅಂದರೆ ಬಣ್ಣದ ಊಹೆ ಪೂರ್ತಿ ತಪ್ಪು, ಕೆಲಸ ಮಾಡಿದ್ದು ಅಯೋಡಿನ್. ಮಿಡ್‌ಗ್ಲಿಯ ಗುಣ ಕಾಣುವುದು ಇಲ್ಲೇ. ತಪ್ಪು ಊಹೆಯನ್ನು ಹಿಡಿದು ಜಗ್ಗಾಡಲಿಲ್ಲ, ತಾಳೆ ನೋಡಿ ಬಿಟ್ಟ.

ಅಯೋಡಿನ್ ದುಬಾರಿ, ಲೋಹವನ್ನು ತಿನ್ನುತ್ತದೆ. ಹಾಗಾಗಿ ಹುಡುಕಾಟ ವರ್ಷಗಟ್ಟಲೆ ನಡೆಯಿತು. ಮಧ್ಯೆ ಟೆಲ್ಯುರಿಯಂ ಎಂಬ ಮೂಲವಸ್ತುವಿನ ಸಂಯುಕ್ತಗಳು ಚೆನ್ನಾಗಿ ಕೆಲಸ ಮಾಡಿದವು, ಆದರೆ ಅದರ ಬೆಳ್ಳುಳ್ಳಿ ವಾಸನೆ ಮೈಗೆ ಅಂಟಿದರೆ ಎಷ್ಟು ಸ್ನಾನ ಮಾಡಿದರೂ ಹೋಗುತ್ತಿರಲಿಲ್ಲ. ಕೊನೆಗೆ ಮೂಲವಸ್ತುಗಳ ಆವರ್ತ ಕೋಷ್ಟಕವನ್ನೇ ನಕ್ಷೆಯಂತೆ ಇಟ್ಟುಕೊಂಡು, ಯಾವ ದಿಕ್ಕಿಗೆ ಹೋದರೆ ಪರಿಣಾಮ ಹೆಚ್ಚುತ್ತದೆ ಎಂದು ನೋಡುತ್ತ ಕೆಳಗಿಳಿದರು. 1921ರ ಡಿಸೆಂಬರ್ 9ರಂದು ಟೆಟ್ರಾಎಥಿಲ್ ಲೆಡ್ ಎಂಬ ಸೀಸದ ಸಂಯುಕ್ತ ಸಿಕ್ಕಿತು. ಒಂದು ಗ್ಯಾಲನ್ ಪೆಟ್ರೋಲಿಗೆ 3 ಮಿಲಿಲೀಟರಿನಷ್ಟು ಸಾಕಿತ್ತು.

ಇಲ್ಲಿ ಕ್ಷಮೆಗೆ ಜಾಗ ಕಡಿಮೆ

ಸೀಸ ವಿಷ ಎಂಬುದು ರೋಮನ್ನರ ಕಾಲದಿಂದ ಗೊತ್ತಿದ್ದ ವಿಷಯ. ಆಲ್ಕೋಹಾಲ್ ಬೆರೆಸಿದರೂ ನಾಕಿಂಗ್ ನಿಲ್ಲುತ್ತದೆ ಎಂಬುದು ಮಿಡ್‌ಗ್ಲಿಗೂ ಗೊತ್ತಿತ್ತು. ಆದರೆ ಆಲ್ಕೋಹಾಲನ್ನು ಯಾರು ಬೇಕಾದರೂ ಬಟ್ಟಿ ಇಳಿಸಬಹುದು, ಅದರಲ್ಲಿ ಕಂಪನಿಗೆ ಹಿಡಿತವಿಲ್ಲ, ಲಾಭವಿಲ್ಲ. 1923ರ ಫೆಬ್ರುವರಿಯಲ್ಲಿ ಡೇಟನ್‌ನ ಒಂದು ಬಂಕಿನಲ್ಲಿ ಮಾರಾಟಕ್ಕೆ ಬಂದ ಹೊಸ ಪೆಟ್ರೋಲಿನ ಹೆಸರು ಎಥಿಲ್. ಸೀಸ ಎಂಬ ಮಾತು ಹೆಸರಿನಲ್ಲೇ ಇರಲಿಲ್ಲ.

ಅದೇ ವರ್ಷ ಮಿಡ್‌ಗ್ಲಿಗೇ ಸೀಸದ ವಿಷ ತಗುಲಿತು. ಚೇತರಿಸಿಕೊಳ್ಳಲು ಬೆಚ್ಚಗಿನ ಫ್ಲಾರಿಡಾಕ್ಕೆ ಹೋಗಿ ವಿಶ್ರಾಂತಿ ಪಡೆದ. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಎಂಬಲ್ಲಿನ ಕಾರ್ಖಾನೆಯಲ್ಲಿ ಈ ಸಂಯುಕ್ತ ತಯಾರಿಸುತ್ತಿದ್ದ ಕೆಲಸಗಾರರಿಗೆ ಬುದ್ಧಿಭ್ರಮಣೆಯಾಯಿತು. ಇಲ್ಲದ್ದು ಕಾಣತೊಡಗಿತು, ಕೆಲವರನ್ನು ಕಟ್ಟಿಹಾಕಿ ಆಸ್ಪತ್ರೆಗೆ ಒಯ್ಯಬೇಕಾಯಿತು. ಐವರು ಸತ್ತರು. ಬೇರೆ ಘಟಕಗಳಲ್ಲೂ ಸಾವುಗಳಾಗಿದ್ದವು.

ಅಕ್ಟೋಬರ್ 30ರಂದು ಮಿಡ್‌ಗ್ಲಿ ಪತ್ರಕರ್ತರ ಮುಂದೆ ಬಂದ. ಆ ದ್ರವವನ್ನು ಕೈಗೆ ಸುರಿದುಕೊಂಡು ಒರೆಸಿದ, ಬಾಟಲಿಯನ್ನು ಮೂಗಿಗೆ ಹಿಡಿದು 60 ಸೆಕೆಂಡು ಆವಿ ಎಳೆದುಕೊಂಡ, ಇದರಿಂದ ಏನೂ ಆಗುವುದಿಲ್ಲ ಎಂದು ತೋರಿಸಿದ. ವರ್ಷದ ಹಿಂದೆ ಅದೇ ವಿಷಕ್ಕೆ ಮದ್ದು ಮಾಡಿಸಿಕೊಂಡವನು ಆತ. ಈ ಪ್ರಸಂಗವನ್ನು ಎಷ್ಟು ಉದಾರವಾಗಿ ನೋಡಿದರೂ ಒಳ್ಳೆಯ ಅರ್ಥ ಹುಟ್ಟುವುದಿಲ್ಲ.

1925ರಲ್ಲಿ ಅಮೆರಿಕ ಸರ್ಕಾರ ಕರೆದ ಸಭೆಯಲ್ಲಿ ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ, ಕಾರ್ಖಾನೆ ಕೆಲಸಗಾರರ ಕಾಯಿಲೆಗಳ ಬಗ್ಗೆ ಆ ದೇಶದಲ್ಲೇ ದೊಡ್ಡ ತಜ್ಞೆ, ಈ ಸೀಸ ಬೇಡವೇ ಬೇಡ ಎಂದು ವಾದಿಸಿದರು. ಮರುವರ್ಷ ಸರ್ಕಾರದ ಸಮಿತಿ ನಿಷೇಧಕ್ಕೆ ಕಾರಣ ಕಾಣುವುದಿಲ್ಲ ಎಂದಿತು. ಅಲ್ಲಿಂದ ಮುಂದೆ ಸೀಸ ಇಡೀ ಜಗತ್ತಿನ ರಸ್ತೆಗಳ ಮೇಲೆ ಹೊಗೆಯಾಗಿ ಹರಡಿತು. ಮಕ್ಕಳ ಮೆದುಳಿನ ಬೆಳವಣಿಗೆಗೆ ಸೀಸ ಎಷ್ಟು ಕೆಡುಕು ಮಾಡುತ್ತದೆ ಎನ್ನುವುದು ಖಚಿತವಾಗಿ, ದೇಶಗಳು ಒಂದೊಂದಾಗಿ ಅದನ್ನು ಬಿಡುವಷ್ಟರಲ್ಲಿ ಶತಮಾನವೇ ಮುಗಿಯುತ್ತ ಬಂದಿತ್ತು. ನಮ್ಮ ದೇಶದಲ್ಲಿ ಸೀಸದ ಪೆಟ್ರೋಲ್ ಪೂರ್ತಿ ನಿಂತದ್ದು 2000ದಲ್ಲಿ. ಬಂಕುಗಳಲ್ಲಿ ಅನ್‌ಲೆಡೆಡ್ ಎಂಬ ಬೋರ್ಡು ನೋಡಿದ ನೆನಪು ನಡುವಯಸ್ಸು ದಾಟಿದವರಿಗೆ ಇರುತ್ತದೆ. ಜಗತ್ತಿನಲ್ಲಿ ಕೊನೆಯದಾಗಿ ಬಿಟ್ಟ ದೇಶ ಅಲ್ಜೀರಿಯಾ, 2021ರಲ್ಲಿ.

ಫಾರ್ವರ್ಡ್ ಸಂದೇಶದ ಈ ಅರ್ಧಭಾಗಕ್ಕೆ ನಮ್ಮ ಆಕ್ಷೇಪವಿಲ್ಲ. ಆತನೊಬ್ಬನೇ ಹೊಣೆ ಎನ್ನುವುದಕ್ಕೆ ಮಾತ್ರ ಇದೆ. ಕಂಪನಿಗಳು, ಸರ್ಕಾರಿ ಸಮಿತಿ, ದಶಕಗಟ್ಟಲೆ ಸುಮ್ಮನಿದ್ದವರು ಎಲ್ಲರೂ ಆ ಲೆಕ್ಕದಲ್ಲಿದ್ದಾರೆ.

ಅಡುಗೆಮನೆಯಲ್ಲಿದ್ದ ವಿಷ

ಈಗ ಫ್ರಿಜ್ಜಿಗೆ ಬರೋಣ. 1920ರ ದಶಕದ ಮನೆಬಳಕೆಯ ಫ್ರಿಜ್‌ಗಳ ಒಳಗೆ ಓಡಾಡುತ್ತಿದ್ದದ್ದು ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್ ಅಥವಾ ಅಮೋನಿಯಾ. ಮೂರೂ ವಿಷ. ಸಲ್ಫರ್ ಡೈಆಕ್ಸೈಡ್ ಸೋರಿದರೆ ಕಣ್ಣು ಮೂಗು ಉರಿದು ಮನೆಮಂದಿ ಹೊರಗೆ ಓಡುತ್ತಿದ್ದರು, ಅದೇ ಒಂದು ಪುಣ್ಯ. ಮೀಥೈಲ್ ಕ್ಲೋರೈಡಿಗೆ ಗಾಢ ವಾಸನೆಯೂ ಇಲ್ಲ. ಮಲಗಿದ್ದವರು ಮಲಗಿದಂತೆಯೇ ಸತ್ತ ಪ್ರಕರಣಗಳು ವರದಿಯಾದವು.

ಬರ್ಲಿನ್‌ನಲ್ಲಿ ಹೀಗೆ ಒಂದು ಕುಟುಂಬ ಸತ್ತ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಮರುಗಿದವರಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಒಬ್ಬರು. ಲಿಯೊ ಸಿಲಾರ್ಡ್ ಜೊತೆ ಸೇರಿ, ಸೋರುವ ಸೀಲುಗಳೇ ಇಲ್ಲದ ಫ್ರಿಜ್ ವಿನ್ಯಾಸ ಮಾಡಿ ಪೇಟೆಂಟ್‌ಗಳನ್ನೂ ಪಡೆದರು. ಫ್ರಿಜ್ ಕಂಡುಹಿಡಿದದ್ದೇ ಐನ್‌ಸ್ಟೈನ್ ಎಂಬ ಇನ್ನೊಂದು ಫಾರ್ವರ್ಡ್‌ಗೆ ಮೂಲ ಇದೇ. ಅವರು ಕಂಡುಹಿಡಿಯಲಿಲ್ಲ, ಸುರಕ್ಷಿತ ಮಾಡಲು ಹೊರಟರು. ಅವರ ಫ್ರಿಜ್ ಮಾರುಕಟ್ಟೆಗೆ ಬರಲೇ ಇಲ್ಲ. ಕಾರಣಗಳಲ್ಲಿ ಒಂದು, ಅಷ್ಟರಲ್ಲಿ ಮಿಡ್‌ಗ್ಲಿ ಯಂತ್ರ ಬದಲಿಸುವ ಬದಲು ಗ್ಯಾಸನ್ನೇ ಬದಲಿಸಿದ್ದ.

ಇಲ್ಲೊಂದು ತಪ್ಪು ಮಾಹಿತಿಯನ್ನೂ ತಿದ್ದಬೇಕು. 1929ರಲ್ಲಿ ಕ್ಲೀವ್‌ಲ್ಯಾಂಡ್‌ನ ಆಸ್ಪತ್ರೆಯೊಂದರಲ್ಲಿ ಫ್ರಿಜ್ ಗ್ಯಾಸ್ ಸೋರಿ ನೂರಕ್ಕೂ ಹೆಚ್ಚು ಜನ ಸತ್ತರು, ಆ ದುರಂತದಿಂದಲೇ ಹೊಸ ಗ್ಯಾಸಿನ ಹುಡುಕಾಟ ಶುರುವಾಯಿತು ಎಂದು ಬಹಳ ಕಡೆ ಬರೆದಿದ್ದಾರೆ. ಆ ದುರಂತ ನಿಜ, 123 ಜನ ಸತ್ತದ್ದೂ ನಿಜ. ಆದರೆ ಅಲ್ಲಿ ಹೊತ್ತಿ ವಿಷದ ಹೊಗೆ ಎಬ್ಬಿಸಿದ್ದು ಎಕ್ಸ್-ರೇ ಫಿಲ್ಮ್‌ಗಳು. ಮಿಡ್‌ಗ್ಲಿಯ ಹುಡುಕಾಟವಂತೂ 1928ರಲ್ಲೇ ಶುರುವಾಗಿತ್ತು.

ಗಿನಿಪಿಗ್ ಬದುಕಿತು

ಫ್ರಿಜ್ ಹೇಗೆ ತಂಪು ಮಾಡುತ್ತದೆ ಎಂಬುದನ್ನು ಒಂದು ನಿಮಿಷದಲ್ಲಿ ಹೇಳಿಬಿಡೋಣ. ಮಣ್ಣಿನ ಹೂಜಿಯ ನೀರು ತಣ್ಣಗಿರುವುದು ಅದರ ಮೈಯಿಂದ ನೀರು ಆವಿಯಾಗುತ್ತ ಶಾಖವನ್ನು ಹೊತ್ತೊಯ್ಯುವುದರಿಂದ. ಫ್ರಿಜ್ಜಿನಲ್ಲೂ ಅದೇ ತತ್ವ. ಆವಿಯಾದದ್ದು ಮಾತ್ರ ಹಾರಿಹೋಗುವುದಿಲ್ಲ. ಕಂಪ್ರೆಸರ್ ಆ ಆವಿಯನ್ನು ಹಿಂಡಿ ಬಿಸಿ ಮಾಡುತ್ತದೆ, ಕಂಡೆನ್ಸರ್ ಕೊಳವೆಗಳಲ್ಲಿ ಅದು ಹೊರಗಿನ ಗಾಳಿಗೆ ಶಾಖ ಬಿಟ್ಟು ದ್ರವವಾಗುತ್ತದೆ, ಕೂದಲೆಳೆಯಂಥ ಕ್ಯಾಪಿಲರಿ ಕೊಳವೆ ದಾಟಿದ ಮೇಲೆ ಫ್ರೀಜರ್ ಬಳಿ ಮತ್ತೆ ಆವಿಯಾಗಿ ಒಳಗಿನ ಶಾಖ ಎಳೆದುಕೊಳ್ಳುತ್ತದೆ. ಅದೇ ಗ್ಯಾಸ್, ಅದೇ ಸುತ್ತು, ವರ್ಷಗಟ್ಟಲೆ. ಈ ಮಾತು ನೆನಪಿರಲಿ, ಕೊನೆಯಲ್ಲಿ ಬೇಕಾಗುತ್ತದೆ.

ಜನರಲ್ ಮೋಟಾರ್ಸ್‌ನ ಫ್ರಿಜ್ ಕಂಪನಿ ಫ್ರಿಜಿಡೇರ್. ಅದಕ್ಕೆ ವಿಷವಲ್ಲದ, ಬೆಂಕಿ ಹತ್ತದ ಗ್ಯಾಸ್ ಬೇಕು ಎಂದು ಕೆಟರಿಂಗ್ ಮಿಡ್‌ಗ್ಲಿಗೆ ಹೇಳಿದರು. ಆಲ್ಬರ್ಟ್ ಹೆನ್ನೆ, ರಾಬರ್ಟ್ ಮೆಕ್‌ನೇರಿ ಎಂಬ ಸಹೋದ್ಯೋಗಿಗಳ ಜೊತೆ ಆತ ಮತ್ತೆ ಆವರ್ತ ಕೋಷ್ಟಕ ಹಿಡಿದು ಕೂತ. ತಕ್ಕ ತಾಪಮಾನದಲ್ಲಿ ಕುದಿಯುವ ಸಂಯುಕ್ತ ಕೊಡಬಲ್ಲ ಮೂಲವಸ್ತುಗಳು ಕೋಷ್ಟಕದ ಬಲಬದಿಯ ಕೆಲವು ಮಾತ್ರ. ಅಲ್ಲಿ ಎಲ್ಲರೂ ಹೆದರಿ ಬಿಟ್ಟಿದ್ದದ್ದು ಫ್ಲೋರಿನ್. ಅದು ಒಂಟಿಯಾಗಿದ್ದಾಗ ಗಾಜನ್ನೂ ತಿನ್ನುವಷ್ಟು ಉಗ್ರ. ಆದರೆ ಇಂಗಾಲಕ್ಕೆ ಬಿಗಿಯಾಗಿ ಅಂಟಿಕೊಂಡರೆ ಯಾರ ತಂಟೆಗೂ ಹೋಗದೆ ತೆಪ್ಪಗಿರಬಹುದು ಎಂದು ಮಿಡ್‌ಗ್ಲಿ ಲೆಕ್ಕ ಹಾಕಿದ.

ತಯಾರಿಸಲು ಆಂಟಿಮನಿ ಫ್ಲೋರೈಡ್ ಬೇಕಿತ್ತು. ಸಿಕ್ಕಿದ್ದು ಐದು ಪುಟ್ಟ ಬಾಟಲಿ. ಒಂದನ್ನು ಎತ್ತಿಕೊಂಡು ಗ್ಯಾಸ್ ತಯಾರಿಸಿ, ಗಾಜಿನ ಗುಮ್ಮಟದೊಳಗೆ ಗಿನಿಪಿಗ್ ಜೊತೆ ಬಿಟ್ಟರು. ಪ್ರಾಣಿಗೆ ಏನೂ ಆಗಲಿಲ್ಲ. ಎರಡನೇ ಬಾಟಲಿಯಿಂದ ತಯಾರಿಸಿದ್ದು ಬಿಟ್ಟಾಗ ಗಿನಿಪಿಗ್ ಸತ್ತುಹೋಯಿತು. ಹುಡುಕಿದರೆ, ಉಳಿದ ನಾಲ್ಕೂ ಬಾಟಲಿಗಳಲ್ಲಿ ಕಲಬೆರಕೆ ಇತ್ತು, ಅದರಿಂದ ಫಾಸ್ಜೀನ್ ಎಂಬ ಮಾರಕ ಅನಿಲ ಹುಟ್ಟಿತ್ತು. ಐದರಲ್ಲಿ ಶುದ್ಧವಾಗಿದ್ದ ಒಂದೇ ಬಾಟಲಿ ಮೊದಲು ಕೈಗೆ ಸಿಕ್ಕಿತ್ತು! ಬೇರೆ ಬಾಟಲಿ ಸಿಕ್ಕಿದ್ದರೆ ಇಡೀ ಯೋಚನೆಯನ್ನೇ ಕೈಬಿಡುತ್ತಿದ್ದರೇನೋ ಎಂದು ಮಿಡ್‌ಗ್ಲಿಯೇ ಮುಂದೆ ಬರೆದುಕೊಂಡಿದ್ದಾನೆ.

ಕೊನೆಗೆ ಆಯ್ಕೆಯಾದದ್ದು ಡೈಕ್ಲೋರೋ ಡೈಫ್ಲೋರೋ ಮೀಥೇನ್. ಸುಮಾರು ಮೈನಸ್ 30 ಡಿಗ್ರಿಗೆ ಕುದಿಯುತ್ತದೆ. ವಾಸನೆ ಇಲ್ಲವೆನ್ನುವಷ್ಟು ಕಡಿಮೆ, ಉರಿಯುವುದಿಲ್ಲ, ವಿಷವಲ್ಲ. 1930ರಲ್ಲಿ ರಸಾಯನ ವಿಜ್ಞಾನಿಗಳ ಸಭೆಯಲ್ಲಿ ಮಿಡ್‌ಗ್ಲಿ ಶ್ವಾಸಕೋಶದ ತುಂಬ ಅದನ್ನು ಎಳೆದುಕೊಂಡು ಮೇಣದಬತ್ತಿಯ ಮೇಲೆ ಊದಿದ. ದೀಪ ಆರಿತು, ಮನುಷ್ಯ ನಗುತ್ತಿದ್ದ. ಸೀಸದ ಬಾಟಲಿ ಮೂಸಿದ ಅದೇ ನಾಟಕ, ಆದರೆ ಈ ಸಲ ತೋರಿಸಿದ್ದು ನಿಜ. (ನೀವು ಪ್ರಯತ್ನಿಸಬೇಡಿ. ಫ್ರಿಜ್ ಗ್ಯಾಸ್ ಎಳೆದುಕೊಂಡರೆ ಉಸಿರುಕಟ್ಟಿಯೋ ಹೃದಯದ ಬಡಿತ ತಪ್ಪಿಯೋ ಪ್ರಾಣ ಹೋಗಬಹುದು.)

ಫ್ರಿಯಾನ್ ಎಂಬ ವ್ಯಾಪಾರಿ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಆರ್-12. ಈ ಸಂಖ್ಯೆಗಳು ಅಡ್ಡಾದಿಡ್ಡಿ ಇಟ್ಟವಲ್ಲ. 12ಕ್ಕೆ 90 ಕೂಡಿಸಿ, 102 ಬರುತ್ತದೆ. ಅಂದರೆ ಅಣುವಿನಲ್ಲಿ 1 ಇಂಗಾಲ, 0 ಹೈಡ್ರೋಜನ್, 2 ಫ್ಲೋರಿನ್, ಉಳಿದ ಜಾಗದಲ್ಲಿ ಕ್ಲೋರಿನ್. 134ಕ್ಕೆ 90 ಕೂಡಿಸಿದರೆ 224, ಅಂದರೆ 2 ಇಂಗಾಲ, 2 ಹೈಡ್ರೋಜನ್, 4 ಫ್ಲೋರಿನ್. ಅಲ್ಲಿ ಕ್ಲೋರಿನ್‌ಗೆ ಜಾಗವೇ ಉಳಿಯುವುದಿಲ್ಲ. ಕ್ಲೋರಿನ್ ಇದೆಯೋ ಇಲ್ಲವೋ ಎನ್ನುವುದೇ ಮುಂದಿನ ಇಡೀ ಕಥೆ.

ಹಗ್ಗ, ರಾಟೆ

ಮಿಡ್‌ಗ್ಲಿಗೆ ಗೌರವಗಳು ಸಾಲುಗಟ್ಟಿದವು. 1937ರಲ್ಲಿ ಪರ್ಕಿನ್ ಪದಕ, 1941ರಲ್ಲಿ ಪ್ರೀಸ್ಟ್ಲಿ ಪದಕ, 1944ರಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿಯ ಅಧ್ಯಕ್ಷ ಪದವಿ. ಆದರೆ 1940ರಲ್ಲಿ, 51ನೇ ವಯಸ್ಸಿಗೆ, ಪೋಲಿಯೊ ಬಡಿದು ಕಾಲುಗಳ ಸ್ವಾಧೀನ ತಪ್ಪಿತ್ತು. ಹಾಸಿಗೆಯಿಂದ ತನ್ನನ್ನು ತಾನೇ ಎತ್ತಿಕೊಳ್ಳಲು ಹಗ್ಗ ಮತ್ತು ರಾಟೆಗಳ ಒಂದು ಏರ್ಪಾಟು ಮಾಡಿಕೊಂಡಿದ್ದ. 1944ರ ನವೆಂಬರ್ 2ರಂದು ಆ ಹಗ್ಗಗಳು ಕುತ್ತಿಗೆಗೆ ಬಿಗಿದ ಸ್ಥಿತಿಯಲ್ಲಿ ಆತ ಶವವಾಗಿ ಸಿಕ್ಕ. 55 ವರ್ಷ.

ಫಾರ್ವರ್ಡ್ ಸಂದೇಶ ಇದನ್ನು ವಿಧಿಯ ಆಟ ಎನ್ನುತ್ತದೆ. ಆಗಿನ ಸುದ್ದಿಗಳು ಅಪಘಾತ ಎಂದವು. ಅದು ಆತ್ಮಹತ್ಯೆ ಎಂದು ಬರೆದ ಇತಿಹಾಸಕಾರರೂ ಇದ್ದಾರೆ. ನಾಲ್ಕು ವರ್ಷ ಹಾಸಿಗೆಯಲ್ಲಿದ್ದ ಮನುಷ್ಯನ ಸಾವಿಗೆ ನಗುವ ಇಮೋಜಿ ಹಾಕಿ ಕಳಿಸುವ ಮೊದಲು ಇಷ್ಟಾದರೂ ತಿಳಿದಿರಲಿ.

ಸತ್ತ 30 ವರ್ಷದ ಮೇಲೆ

ಆರ್-12 ಯಾವುದರ ಜೊತೆಗೂ ವರ್ತಿಸುವುದಿಲ್ಲ ಎನ್ನುವುದು ಅದರ ದೊಡ್ಡ ಗುಣ. ದೋಷವೂ ಅದೇ. ಸೋರಿದ ಗ್ಯಾಸ್ ಮಳೆಗೆ ತೊಳೆದು ಹೋಗುವುದಿಲ್ಲ, ಬಿಸಿಲಿಗೆ ಒಡೆಯುವುದಿಲ್ಲ. ಸುಮಾರು 100 ವರ್ಷ ಗಾಳಿಯಲ್ಲಿ ಉಳಿದು, ನಿಧಾನವಾಗಿ ಮೇಲೇರಿ, ಓಜೋನ್ ಪದರದ ಎತ್ತರಕ್ಕೆ ತಲುಪುತ್ತದೆ. ಅಲ್ಲಿನ ತೀಕ್ಷ್ಣ ನೇರಳಾತೀತ ಕಿರಣಕ್ಕೆ ಕೊನೆಗೂ ಒಡೆದು ಕ್ಲೋರಿನ್ ಬಿಡುಗಡೆಯಾಗುತ್ತದೆ. ಒಂದೇ ಕ್ಲೋರಿನ್ ಪರಮಾಣು ತಾನು ಖರ್ಚಾಗದೆ ಸುಮಾರು ಲಕ್ಷ ಓಜೋನ್ ಅಣುಗಳನ್ನು ಒಡೆಯಬಲ್ಲದು.

ಮಾರಿಯೊ ಮೊಲಿನಾ ಮತ್ತು ಶೆರ್ವುಡ್ ರೋಲಂಡ್ ಇದನ್ನು ಲೆಕ್ಕ ಹಾಕಿ ಪ್ರಕಟಿಸಿದ್ದು 1974ರಲ್ಲಿ. ಅಂಟಾರ್ಕ್ಟಿಕದ ಮೇಲೆ ಓಜೋನ್ ತೀರ ತೆಳುವಾಗಿರುವುದನ್ನು ಬ್ರಿಟನ್ನಿನ ಮೂವರು ವಿಜ್ಞಾನಿಗಳು ಪ್ರಕಟಿಸಿದ್ದು 1985ರಲ್ಲಿ. ಓಜೋನ್ ಹೇಗೆ ಹುಟ್ಟುತ್ತದೆ ಎಂಬ ಮೊದಲ ಸಮರ್ಪಕ ವಿವರಣೆ ಬಂದದ್ದೇ 1930ರಲ್ಲಿ, ಮಿಡ್‌ಗ್ಲಿ ಮೇಣದಬತ್ತಿ ಊದಿದ ವರ್ಷ. ಆತನಿಗೆ ಇದು ತಿಳಿದಿರಬೇಕಿತ್ತು ಎನ್ನುವುದು, ಮಣ್ಣಿನ ರಸ್ತೆ ಹಾಕಿದವನಿಗೆ ಮುಂದೆ ಅಲ್ಲಿ ಲಾರಿ ಬರುತ್ತದೆ ಎಂದು ಗೊತ್ತಿರಬೇಕಿತ್ತು ಎಂದಂತೆ. ಸೀಸದ ವಿಷಯದಲ್ಲಿ ಈ ರಿಯಾಯಿತಿ ಸಲ್ಲುವುದಿಲ್ಲ. ಫ್ರಿಜ್ ಗ್ಯಾಸಿನ ವಿಷಯದಲ್ಲಿ ಸಲ್ಲುತ್ತದೆ.

1987ರ ಮಾಂಟ್ರಿಯಲ್ ಒಪ್ಪಂದ ಈ ಗ್ಯಾಸುಗಳನ್ನು ಹಂತಹಂತವಾಗಿ ನಿಲ್ಲಿಸಿತು. ಭಾರತ ಸೇರಿದ್ದು 1992ರಲ್ಲಿ. ಓಜೋನ್ ಪದರ ಚೇತರಿಸಿಕೊಳ್ಳುತ್ತಿದೆ. ಅಂಟಾರ್ಕ್ಟಿಕ ಬಿಟ್ಟು ಉಳಿದ ಬಹುಪಾಲು ಜಗತ್ತಿನ ಮೇಲೆ ಅದು 2040ರ ಹೊತ್ತಿಗೆ 1980ರ ಮಟ್ಟಕ್ಕೆ ಮರಳಬಹುದು ಎಂಬುದು ವಿಶ್ವಸಂಸ್ಥೆಯ ಈಚಿನ ಅಂದಾಜು. ಓಜೋನ್ ತೂತು ದೊಡ್ಡದಾಗುತ್ತಲೇ ಇದೆ, ಇನ್ನೇನು ಮುಗಿಯಿತು ಎಂಬ ಸಂದೇಶಗಳು ಹಳಸಲು.

ನಿಮ್ಮ ಫ್ರಿಜ್ಜಿನಲ್ಲಿ ಈಗ ಏನಿದೆ?

ಆರ್-12 ಹೋಗಿ ಆರ್-134ಎ ಬಂತು. ಅದರಲ್ಲಿ ಕ್ಲೋರಿನ್ ಇಲ್ಲ, ಓಜೋನ್‌ಗೆ ತೊಂದರೆಯಿಲ್ಲ. ಆದರೆ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ಹಾಗಾಗಿ ಈಗಿನ ಹೊಸ ಫ್ರಿಜ್‌ಗಳಲ್ಲಿ ಹೆಚ್ಚಾಗಿ ಇರುವುದು ಆರ್-600ಎ. ಇದು ಐಸೊಬ್ಯೂಟೇನ್, ನಿಮ್ಮ ಅಡುಗೆ ಗ್ಯಾಸಿನ ಹತ್ತಿರದ ನೆಂಟ. ಅಂದರೆ ಉರಿಯುತ್ತದೆ.

ಇದರಿಂದ ಫ್ರಿಜ್ ಬಾಂಬ್ ಆಗಿಬಿಡುತ್ತದೆ ಎಂದು ಹೆದರಬೇಕಿಲ್ಲ. ಮನೆಯ ಫ್ರಿಜ್ಜಿನಲ್ಲಿ ಇರುವುದು ಸಾಮಾನ್ಯವಾಗಿ 100 ಗ್ರಾಂಗಿಂತ ಕಡಿಮೆ, ಪಕ್ಕದ ಅಡುಗೆ ಸಿಲಿಂಡರಿನಲ್ಲಿ 14.2 ಕಿಲೊ. ಅಪಾಯ ಇರುವುದು ರಿಪೇರಿಯ ಹೊತ್ತಿನಲ್ಲಿ. ಮಿಡ್‌ಗ್ಲಿಯ ಗ್ಯಾಸ್ ಉರಿಯುತ್ತಿರಲಿಲ್ಲವಾದ್ದರಿಂದ ಎರಡು ಮೂರು ತಲೆಮಾರಿನ ಮೆಕ್ಯಾನಿಕ್‌ಗಳು ಅದಕ್ಕೆ ತಕ್ಕ ರೂಢಿ ಬೆಳೆಸಿಕೊಂಡರು. ಪೈಪ್ ಕತ್ತರಿಸಿ ಹಳೆಯ ಗ್ಯಾಸನ್ನು ಅಡುಗೆಮನೆಯಲ್ಲೇ ಬಿಡುವುದು, ಅಲ್ಲೇ ಟಾರ್ಚ್ ಹಚ್ಚಿ ಬ್ರೇಜಿಂಗ್ ಮಾಡುವುದು. ಲೀಕ್ ಹುಡುಕಲು ಉರಿಯುವ ದೀಪವನ್ನೇ ಪೈಪಿನುದ್ದಕ್ಕೂ ಹಿಡಿಯುವ ಪದ್ಧತಿಯಿತ್ತು. ಕ್ಲೋರಿನ್ ಇರುವ ಗ್ಯಾಸ್ ತಾಗಿದರೆ ಜ್ವಾಲೆ ಹಸಿರಾಗುತ್ತಿತ್ತು. ಅದೇ ಕೆಲಸವನ್ನು ಆರ್-600ಎ ಮುಂದೆ ಮಾಡಿದರೆ ಹಸಿರು ಕಾಣುವುದಿಲ್ಲ, ಬೆಂಕಿ ಕಾಣುತ್ತದೆ. ಅಡುಗೆ ಗ್ಯಾಸಿಗೆ ಸೋರಿಕೆ ತಿಳಿಯಲೆಂದು ಬೆರೆಸುವ ವಾಸನೆ ಇದಕ್ಕಿಲ್ಲ. ಗಾಳಿಗಿಂತ ಎರಡು ಪಟ್ಟು ಭಾರ, ನೆಲದಲ್ಲಿ ನಿಲ್ಲುತ್ತದೆ.

ಮಾಡ್ಯುಲರ್ ಕಿಚನ್‌ನ ಕಪಾಟಿನೊಳಗೇ ಕೂರಿಸಿದ ಬಿಲ್ಟ್-ಇನ್ ಫ್ರಿಜ್ ಇದ್ದವರಿಗೆ ಈ ಮಾತು ಇನ್ನೂ ಮುಖ್ಯ. ಮೂರು ಕಡೆ ಮರ, ಗಾಳಿ ಆಡುವ ಜಾಗ ಕಡಿಮೆ. ಅಂಥ ಫ್ರಿಜ್ಜನ್ನು ಕಪಾಟಿನಿಂದ ಹೊರಗೆಳೆದು, ಕಿಟಕಿ ತೆರೆದು, ಒಲೆ ಆರಿಸಿ ಕೆಲಸ ಮಾಡಬೇಕು. ಒಳಗಿರುವಂತೆಯೇ ಟಾರ್ಚ್ ಹಚ್ಚಲು ಹೊರಟರೆ ಬೇಡ ಎನ್ನಿ. ಯಾವ ಗ್ಯಾಸ್, ಎಷ್ಟು ಗ್ರಾಂ ಎಂಬುದು ಫ್ರಿಜ್ಜಿನ ಹಿಂದೆ, ಕಂಪ್ರೆಸರ್ ಮೇಲೆ ಅಥವಾ ಒಳಗಿನ ಗೋಡೆಯ ಲೇಬಲ್ಲಿನಲ್ಲಿ ಬರೆದಿರುತ್ತದೆ. ಹಳದಿ ತ್ರಿಕೋನದೊಳಗೆ ಜ್ವಾಲೆಯ ಚಿತ್ರ ಇದ್ದರೆ ಉರಿಯುವ ಗ್ಯಾಸ್ ಎಂದರ್ಥ. ಮೆಕ್ಯಾನಿಕ್ ಬರುವ ಮೊದಲೇ ಅದರ ಫೋಟೊ ತೆಗೆದಿಟ್ಟುಕೊಳ್ಳಿ.

ಗ್ಯಾಸ್ ಖಾಲಿಯಾಗುತ್ತದೆಯೇ?

ಇಲ್ಲ. ಅದೇ ಗ್ಯಾಸ್ ಅದೇ ಸುತ್ತು ಎಂದು ಮೇಲೆ ಹೇಳಿದ್ದು ಇದಕ್ಕೇ. ಪೆಟ್ರೋಲಿನಂತೆ ಅದು ಖರ್ಚಾಗುವುದಿಲ್ಲ. ಎರಡು ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಬೇಕು ಎಂಬುದು ಶುದ್ಧ ಮಿಥ್ಯೆ. ಕಡಿಮೆಯಾಗಿದ್ದರೆ ಎಲ್ಲೋ ತೂತಿದೆ ಎಂದೇ ಅರ್ಥ, ಅದನ್ನು ಹುಡುಕದೆ ಮೇಲೆ ತುಂಬಿಸುವುದು ತೂತು ಕೊಡಕ್ಕೆ ನೀರು ಹೊತ್ತಂತೆ. ಹಳೆಯ ಸಿಂಗಲ್ ಡೋರ್ ಫ್ರಿಜ್‌ಗಳಲ್ಲಿ ಈ ತೂತು ಬಹಳ ಸಲ ನಮ್ಮ ಕೈಯದೇ, ಫ್ರೀಜರ್‌ನ ಮಂಜುಗಡ್ಡೆಯನ್ನು ಚಾಕುವಿನಿಂದ ಕೆತ್ತಿದಾಗ ಆಗುವಂಥದ್ದು.

ಸರಿಯಾದ ರಿಪೇರಿ ಎಂದರೆ ಹೀಗಿರುತ್ತದೆ. ನೈಟ್ರೋಜನ್ ಒತ್ತಡ ಕೊಟ್ಟು ಸೋಪಿನ ನೊರೆ ಹಚ್ಚಿ ಗುಳ್ಳೆ ಬರುವ ಜಾಗ ಹುಡುಕುತ್ತಾರೆ. ತೂತು ಮುಚ್ಚಿ, ಫಿಲ್ಟರ್ ಹೊಸದು ಹಾಕುತ್ತಾರೆ. ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿ, ತೇವ ಪೂರ್ತಿ ತೆಗೆಯುತ್ತಾರೆ, ಏಕೆಂದರೆ ಒಂದು ಹನಿ ನೀರು ಉಳಿದರೂ ಕ್ಯಾಪಿಲರಿಯಲ್ಲಿ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಆಮೇಲೆ ತಕ್ಕಡಿಯಲ್ಲಿ ತೂಗಿ, ಲೇಬಲ್ಲಿನಲ್ಲಿರುವಷ್ಟೇ ಗ್ರಾಂ ಗ್ಯಾಸ್ ಹಾಕುತ್ತಾರೆ. ಆರ್-600ಎ ಪ್ರಮಾಣ ಎಷ್ಟು ಕಡಿಮೆ ಎಂದರೆ ಅಂದಾಜಿನಲ್ಲಿ ಹಾಕಿದರೆ ಖಂಡಿತ ತಪ್ಪುತ್ತದೆ. ವ್ಯಾಕ್ಯೂಮ್ ಪಂಪೂ ಇಲ್ಲ, ತಕ್ಕಡಿಯೂ ಇಲ್ಲ ಎಂದರೆ ಆ ಮೆಕ್ಯಾನಿಕ್ ಕೈಗೆ ಈ ಕೆಲಸ ಕೊಡಬೇಡಿ. ಆರ್-134ಎ ಫ್ರಿಜ್ಜಿಗೆ ಆರ್-600ಎ ಹಾಕಿಸುವುದು, ಅಡುಗೆ ಸಿಲಿಂಡರಿನಿಂದಲೇ ತುಂಬಿಸುವುದು, ಎರಡೂ ಬೇಡ. ಆ ಫ್ರಿಜ್ಜಿನ ಥರ್ಮೋಸ್ಟಾಟ್, ಬಾಗಿಲಿನ ಸ್ವಿಚ್ ಉರಿಯುವ ಗ್ಯಾಸಿಗೆಂದು ಮಾಡಿದವಲ್ಲ, ಅಲ್ಲಿ ಕಿಡಿ ಹಾರುತ್ತದೆ.

ಇನ್ನು, ತಂಪು ಕಡಿಮೆಯಾದ ಮಾತ್ರಕ್ಕೆ ಗ್ಯಾಸ್ ಲೀಕ್ ಎಂದು ತೀರ್ಮಾನಿಸಬೇಡಿ. ಬಿಲ್ಟ್-ಇನ್ ಫ್ರಿಜ್‌ಗಳಲ್ಲಿ ಮೊದಲು ನೋಡಬೇಕಾದ್ದು ಗಾಳಿಯ ದಾರಿ. ಕಂಡೆನ್ಸರ್ ಮೇಲ್ಭಾಗದ ಜಾಲರಿಯ ಹಿಂದೆಯೋ ಕಾಲ ಬಳಿಯ ಪಟ್ಟಿಯ ಹಿಂದೆಯೋ ಇರುತ್ತದೆ. ಅಲ್ಲಿ ಧೂಳು, ಕೂದಲು, ಒಗ್ಗರಣೆಯ ಜಿಡ್ಡು ಮೆತ್ತಿಕೊಂಡರೆ ಶಾಖ ಹೊರಹೋಗುವುದಿಲ್ಲ, ಕಂಪ್ರೆಸರ್ ಹಗಲಿರುಳು ಓಡಿದರೂ ಹಾಲು ಒಡೆಯುತ್ತದೆ. ಪ್ಲಗ್ ತೆಗೆದು, ಮೆತ್ತನೆಯ ಬ್ರಷ್ಷಿನಿಂದ ವರ್ಷಕ್ಕೆರಡು ಸಲ ಶುಚಿ ಮಾಡಿದರೆ ಸಾಕು. ಬಡಗಿ ಅಂದಕ್ಕೆಂದು ಮುಚ್ಚಿಬಿಟ್ಟ ಗಾಳಿಕಿಂಡಿ, ಸಡಿಲವಾದ ಬಾಗಿಲಿನ ರಬ್ಬರ್, ತಿರುಗದ ಫ್ಯಾನ್, ಕೆಟ್ಟ ಡಿಫ್ರಾಸ್ಟ್ ಹೀಟರ್, ಇವೆಲ್ಲ ನೋಡಿದ ಮೇಲೆ ಗ್ಯಾಸಿನ ಮಾತು.

ಇಪ್ಪತ್ತೈದು ಮೂವತ್ತು ವರ್ಷದ ಹಳೆಯ ಫ್ರಿಜ್ ಇನ್ನೂ ಮೂಲೆಯಲ್ಲಿದ್ದರೆ ಅದರೊಳಗೆ ಇರುವುದು ಮಿಡ್‌ಗ್ಲಿಯ ಆರ್-12 ಆಗಿರಬಹುದು. ಗುಜರಿಯವರಿಗೆ ಕೊಟ್ಟರೆ ತಾಮ್ರಕ್ಕಾಗಿ ಪೈಪ್ ಕತ್ತರಿಸುತ್ತಾರೆ, ಗ್ಯಾಸ್ ಸೀದಾ ಮೇಲಕ್ಕೆ. ಪರವಾನಗಿ ಇರುವ ಇ-ತ್ಯಾಜ್ಯ ಸಂಗ್ರಹದವರಿಗೆ ಕೊಡಿ, ಗ್ಯಾಸನ್ನು ಸಿಲಿಂಡರಿಗೆ ಎಳೆದುಕೊಂಡು ಆಮೇಲೆ ಪೈಪ್ ಕತ್ತರಿಸುತ್ತೀರಾ ಎಂದು ಕೇಳಿಯೇ ಕೊಡಿ.